ಮಿಲಿಟರಿ ನರ್ಸ್ ಆಗಿದ್ದ ದೊಡ್ಡಮ್ಮನ ಬದುಕನ್ನ ಬರೆದಿಡೋದು ಹೇಗೆ, ಟ್ರಂಕಿಂದ ಶುರು ಮಾಡಿ

ನಮ್ ಕಡೆ, ಅಂದ್ರೆ ತೀರ್ಥಹಳ್ಳಿ, ಕೊಪ್ಪ, ಹೊಸನಗರ ಈ ಸುತ್ತಿನಲ್ಲಿ, ಅಲ್ಲೊಂದು ಇಲ್ಲೊಂದು ಮನೇಲಿ ಮಿಲಿಟರಿ ಆಸ್ಪತ್ರೆಲಿ ನರ್ಸ್ ಆಗಿದ್ದ ದೊಡ್ಡಮ್ಮನೋ ಸೋದರತ್ತೆನೋ ಅಜ್ಜಿನೋ ಇರ್ತಾರೆ. ಅವ್ರ ಬಗ್ಗೆ ಕೇಳಿದ್ರೆ ಸಿಗೋ ಉತ್ತರ ಮಾತ್ರ ಒಂದೇ ಸಾಲು, "ಮಿಲಿಟ್ರಿಲಿದ್ರು, ಪೆನ್ಶನ್ ಬರ್ತಿತ್ತು". ಇಪ್ಪತ್ತು ವರ್ಷ ಮೂವತ್ತು ವರ್ಷ ದುಡಿದ ಹೆಂಗಸಿನ ಜೀವನ ಅಷ್ಟರಲ್ಲೇ ಮುಗೀತು. ಅದೇ ಮನೆಯ ಗಂಡಸೊಬ್ಬ ಸಿಪಾಯಿ ಆಗಿದ್ದಿದ್ರೆ ಯೂನಿಫಾರ್ಮ್ ಫೋಟೋ ಹಜಾರದ ಗೋಡೆ ಮೇಲೆ ಇರ್ತಿತ್ತು. ನಮ್ಮನೇಲೂ ಹೀಗೇ ಇತ್ತು. ನಮ್ಮಮ್ಮನ ಅಕ್ಕ 1963ರಲ್ಲಿ ಸೇರಿದ್ದು, 1965 ಮತ್ತೆ 1971ರ ಎರಡು ಯುದ್ಧ ನೋಡಿದೋರು, ಅವ್ರು ತೀರ್ಕೊಂಡ ಮೇಲೆ ನಾನು ಎಲ್ಲಾ ಒಟ್ಟುಮಾಡಿ ಬರೆಯೋಕೆ ಕೂತಾಗ ಏನೇನು ಮಾಡ್ದೆ, ಎಲ್ಲಿ ತಪ್ಪಿದೆ, ಯಾವ ಕಾಗದ ಏನು ಹೇಳುತ್ತೆ ಅಂತ ಇಲ್ಲಿ ಹೇಳ್ತೀನಿ. ನಿಮ್ಮನೇಲೂ ಅಂಥೋರು ಇದ್ದಿದ್ರೆ ಉಪಯೋಗಕ್ಕೆ ಬರುತ್ತೆ. ಅವ್ರು ಇನ್ನೂ ಬದುಕಿದ್ರಂತೂ ಇದನ್ನ ಓದಿ ಮುಗಿಸಿದ ತಕ್ಷಣ ಅವ್ರ ಹತ್ರ ಹೋಗಿ ಕೂತ್ಕೊಳಿ.

ಮೊದಲು ಟ್ರಂಕು. ಮಿಲಿಟರಿಲಿ ಇದ್ದೋರ ಮನೇಲಿ ಕಪ್ಪು ಬಣ್ಣದ ಕಬ್ಬಿಣದ ಟ್ರಂಕ್ ಒಂದು ಇದ್ದೇ ಇರುತ್ತೆ, ನಮ್ಮದು ಅಟ್ಟದ ಮೇಲೆ ಅಡಿಕೆ ಗೋಣಿಚೀಲದ ಹಿಂದೆ ಇತ್ತು. ಮುಚ್ಚಳದ ಮೇಲೆ ಬಿಳಿ ಪೇಂಟಲ್ಲಿ ಬರೆದಿರೋ ಅಕ್ಷರ ಮೊದಲು ಓದಿ, ಅದೇ ನಿಮ್ಮ ಮೊದಲ ದಾಖಲೆ. ನಮ್ಮ ದೊಡ್ಡಮ್ಮಂದು ಎನ್‌ಆರ್ ಅಂತ ಶುರುವಾಗೋ ನಂಬರು, ಆಮೇಲೆ ರ‍್ಯಾಂಕು, ಆಮೇಲೆ ಹೆಸರು, ರ‍್ಯಾಂಕ್ ಇದ್ದ ಜಾಗದಲ್ಲಿ ಮಾತ್ರ ಪೇಂಟ್ ದಪ್ಪ ಇತ್ತು. ಟಾರ್ಚ್ ಓರೆಯಾಗಿ ಹಿಡಿದು ನೋಡಿದ್ರೆ ಕ್ಯಾಪ್ಟನ್ ಅನ್ನೋದರ ಕೆಳಗೆ ಲೆಫ್ಟಿನೆಂಟ್ ಅನ್ನೋದು ಕಾಣ್ತಿತ್ತು, ಪ್ರಮೋಶನ್ ಆದಾಗ ಅದೇ ಟ್ರಂಕಿನ ಮೇಲೆ ಮತ್ತೆ ಬರೆಸಿದ್ದು. ಆ ನಂಬರನ್ನ ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರ್ಕೊಳಿ, ಮುಂದೆ ಯಾವ ಆಫೀಸಿಗೆ ಹೋದ್ರೂ ಅದನ್ನೇ ಕೇಳೋದು.

ಟ್ರಂಕ್ ಬಿಚ್ಚೋಕೆ ಕಾಲ ನೋಡ್ಬೇಕು, ಇದು ಮಲೆನಾಡಿನೋರಿಗೆ ಮಾತ್ರ ಇರೋ ತಾಪತ್ರಯ. ಆಷಾಢ ಶ್ರಾವಣದಲ್ಲಿ ಬಿಚ್ಚಲೇಬೇಡಿ. ಅಷ್ಟು ವರ್ಷ ಮುಚ್ಚಿಟ್ಟ ಕಾಗದ ಆ ಥಂಡಿ ಗಾಳಿ ತಾಗಿದ ವಾರದಲ್ಲೇ ಬೂಷ್ಟು ಹಿಡಿಯುತ್ತೆ, ಅಂಟ್ಕೊಂಡಿರೋ ಫೋಟೋ ಕಿತ್ತು ಬರುತ್ತೆ. ಜನವರಿಯಿಂದ ಮಾರ್ಚ್ ಒಳಗೆ, ಅಡಿಕೆ ಕೊಯ್ಲು ಮುಗಿದು ಮನೇಲಿ ಒಂಚೂರು ಬಿಡುವಾದಾಗ, ಬಿಸಿಲು ನೇರ ಬೀಳದ ಜಗಲಿ ಮೇಲೆ ಬಿಳಿ ಪಂಚೆ ಹಾಸಿ ಬಿಚ್ಚಿ. ಒಂದೊಂದು ಪದರ ತೆಗೆಯೋ ಮುಂಚೆ ಮೊಬೈಲಲ್ಲಿ ಫೋಟೋ ತೆಗೀರಿ, ಯಾಕಂದ್ರೆ ಯಾವ ಕಾಗದದ ಜೊತೆ ಯಾವ ಫೋಟೋ ಇಟ್ಟಿದ್ರು ಅನ್ನೋದೂ ಒಂದು ಮಾಹಿತಿನೇ, ಒಮ್ಮೆ ಕಲಸಿ ಹೋದ್ರೆ ಮತ್ತೆ ಸಿಗಲ್ಲ.

ನಾವು ಮಾಡಿದ ಎರಡು ತಪ್ಪು ಇಲ್ಲೇ ಹೇಳ್ಬಿಡ್ತೀನಿ. ಒಂದು, ಪದಕಗಳು ಕಪ್ಪಾಗಿವೆ ಅಂತ ಅಮ್ಮ ದೇವರ ದೀಪ ತೊಳೆಯೋ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಿದ್ರು. ಪದಕದ ಅಂಚಿನ ಮೇಲೆ ನಂಬರು ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತೆ, ಒಂದು ಪದಕದ ಮೇಲೆ ಈಗ ಆ ಅಕ್ಷರ ಅರ್ಧ ಮಾಸಿ ಹೋಗಿದೆ. ಇನ್ನೊಂದು, ಒಂದು ಗ್ರೂಪ್ ಫೋಟೋನ ಹಾಳಾಗದೆ ಇರ್ಲಿ ಅಂತ ಪೇಟೆಲಿ ಲ್ಯಾಮಿನೇಶನ್ ಮಾಡಿಸಿದ್ದು, ಬಿಸಿಗೆ ಫೋಟೋ ಅಲ್ಲಲ್ಲಿ ಗುಳ್ಳೆ ಎದ್ದು ಎರಡು ಮುಖ ಹೋಯ್ತು, ಹಿಂದೆ ಪೆನ್ಸಿಲಲ್ಲಿ ಬರೆದಿದ್ದ ಹೆಸರೂ ಓದೋಕೆ ಬರದ ಹಾಗಾಯ್ತು. ಹಾಗಾಗಿ ಉಜ್ಜಬೇಡಿ, ಲ್ಯಾಮಿನೇಶನ್ ಬೇಡ, ಸೆಲ್ಲೋಟೇಪ್ ಅಂತೂ ಬೇಡ್ವೇ ಬೇಡ. ಮೆತ್ತನೆ ಒಣ ಬಟ್ಟೆಲಿ ಧೂಳು ಒರೆಸಿ, ಎರಡೂ ಕಡೆ ಫೋಟೋ ತೆಗೆದು, ದಪ್ಪ ಕಾಗದದ ಕವರಲ್ಲಿ ಹಾಕಿ, ಮುಚ್ಚಳ ಬಿಗಿ ಇರೋ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ ಸಾಕು.

ಈಗ ಪದಕ ಓದೋದು. ನಮ್ಮನೆ ಕಥೆ ಪೂರ್ತಿ ತಿರುವಿ ಬಿದ್ದಿದ್ದು ಇಲ್ಲೇ, ಹಾಗಾಗಿ ನಿಧಾನ ಹೇಳ್ತೀನಿ. ನಮ್ಮನೇಲಿ ಎಲ್ರೂ ಹೇಳ್ತಿದ್ದಿದ್ದು ದೊಡ್ಡಮ್ಮ ಎರಡೂ ಯುದ್ಧದಲ್ಲಿ ಪಂಜಾಬಲ್ಲಿದ್ರು ಅಂತ. ಟ್ರಂಕಲ್ಲಿ ಸಿಕ್ಕಿದ್ದು ರಕ್ಷಾ ಮೆಡಲ್, ಸಮರ ಸೇವಾ ಸ್ಟಾರ್, ಸಂಗ್ರಾಮ್ ಮೆಡಲ್, ಮತ್ತೆ ಪೂರ್ವಿ ಸ್ಟಾರ್. ರಕ್ಷಾ ಮೆಡಲ್ 1965ರ ಹೊತ್ತಿಗೆ ಸೇವೇಲಿದ್ದೋರಿಗೆ ದೊಡ್ಡ ಪ್ರಮಾಣದಲ್ಲಿ ಕೊಟ್ಟಿದ್ದು, ಸಂಗ್ರಾಮ್ ಮೆಡಲ್ 1971ರದ್ದು, ಇವೆರಡು ಇದ್ರೆ ಆ ಕಾಲದಲ್ಲಿ ಸೈನ್ಯದಲ್ಲಿದ್ರು ಅಂತ ಮಾತ್ರ ಗೊತ್ತಾಗುತ್ತೆ, ಎಲ್ಲಿದ್ರು ಅಂತ ಗೊತ್ತಾಗಲ್ಲ. ನಕ್ಷತ್ರದ ಆಕಾರ ಇರೋದು ಸಿಕ್ಕಿದ್ರೆ ಅದು ಜಾಗ ಹೇಳುತ್ತೆ. ಸಮರ ಸೇವಾ ಸ್ಟಾರ್ ಅಂದ್ರೆ 1965ರಲ್ಲಿ ಕಾರ್ಯಾಚರಣೆ ಪ್ರದೇಶದಲ್ಲೇ ಇದ್ದೋರು, 1971ರಲ್ಲಿ ಪಶ್ಚಿಮದ ಕಡೆ ಇದ್ದೋರಿಗೆ ಪಶ್ಚಿಮಿ ಸ್ಟಾರ್, ಪೂರ್ವದ ಕಡೆ ಇದ್ದೋರಿಗೆ ಪೂರ್ವಿ ಸ್ಟಾರ್. ಅಂದ್ರೆ 1971ರಲ್ಲಿ ನಮ್ಮ ದೊಡ್ಡಮ್ಮ ಪಂಜಾಬಲ್ಲಿ ಇರ್ಲೇ ಇಲ್ಲ, ಬಾಂಗ್ಲಾ ಕಡೆ ಇದ್ರು. ಐವತ್ತು ವರ್ಷ ನಾವೆಲ್ಲಾ ತಪ್ಪು ಹೇಳ್ಕೊಂಡು ಬಂದಿದ್ವಿ.

ನಂಬೋಕೆ ಆಗ್ಲಿಲ್ಲ ನಂಗೆ, ಅದಕ್ಕೆ ಕಾಗದಗಳನ್ನ ನೋಡ್ದೆ. ಮಿಲಿಟರಿ ವಿಳಾಸದಲ್ಲಿ ಊರಿನ ಹೆಸರು ಇರಲ್ಲ, ಯೂನಿಟ್ ಹೆಸರು ಬರೆದು ಕೇರ್ ಆಫ್ 56 ಎಪಿಓ ಇಲ್ಲಾ ಕೇರ್ ಆಫ್ 99 ಎಪಿಓ ಅಂತ ಇರುತ್ತೆ, ಎಪಿಓ ಅಂದ್ರೆ ಆರ್ಮಿ ಪೋಸ್ಟ್ ಆಫೀಸ್. 56 ದಿಲ್ಲಿ ಮೂಲಕ ಹೋಗೋ ಟಪಾಲು, 99 ಕಲ್ಕತ್ತಾ ಮೂಲಕ ಪೂರ್ವದ ಕಡೆ ಹೋಗೋದು. 1971ರ ಅಕ್ಟೋಬರಲ್ಲಿ ಅಮ್ಮಂಗೆ ಬರೆದ ಇನ್‌ಲ್ಯಾಂಡ್ ಲೆಟರ್ ಮೇಲೆ 99 ಎಪಿಓ ಅಂತ ಸ್ಪಷ್ಟ ಇತ್ತು. ಒಳಗೆ ಬರೆದಿದ್ದು ನಾಲ್ಕೇ ಸಾಲು, ಇಲ್ಲಿ ಮಳೆ ನಮ್ಮೂರಿನ ಹಾಗೇ ಇದೆ, ಅಪ್ಪನ ಕೆಮ್ಮು ಹೇಗಿದೆ, ಅಪ್ಪೆಮಿಡಿ ಕಳಿಸಬೇಡಿ ದಾರೀಲಿ ಒಡೆದು ಹೋಗುತ್ತೆ, ಅಷ್ಟೆ. ಯುದ್ಧದ ಬಗ್ಗೆ ಒಂದಕ್ಷರ ಇಲ್ಲ. ಎಲ್ಲಿದೀವಿ ಏನು ಮಾಡ್ತಿದೀವಿ ಅಂತ ಬರೆಯೋ ಹಾಗಿರ್ಲಿಲ್ಲ ಅವ್ರು, ಆದ್ರೆ ಮಳೆ ನಮ್ಮೂರಿನ ಹಾಗೇ ಅಂದಿದ್ದಿದೆಯಲ್ಲ, ಪಂಜಾಬಲ್ಲಿ ಅಕ್ಟೋಬರಲ್ಲಿ ಅಂಥ ಮಳೆ ಎಲ್ಲಿ ಬರುತ್ತೆ ಹೇಳಿ. ಕಾಗದಗಳನ್ನ ಹೀಗೆ ಓದಬೇಕು, ಹವಾಮಾನ, ಊಟ, ಯಾವ ಹಣ್ಣು ಸಿಗ್ತಿದೆ, ಕಾಗದ ಎಷ್ಟು ದಿನಕ್ಕೆ ತಲುಪ್ತು, ಎಲ್ಲಾ ಗುರುತು ಹಾಕ್ಕೊಳಿ.

ಫೋಟೋದಲ್ಲಿ ಭುಜ ನೋಡಿ. ಎರಡು ನಕ್ಷತ್ರ ಲೆಫ್ಟಿನೆಂಟ್, ಮೂರು ಕ್ಯಾಪ್ಟನ್, ನಕ್ಷತ್ರ ಹೋಗಿ ಅಶೋಕ ಸ್ತಂಭದ ಸಿಂಹ ಬಂದಿದ್ರೆ ಮೇಜರ್. ಸಿಂಹದ ಜಾಗದಲ್ಲಿ ಕಿರೀಟ ಇದ್ರೆ ಅದು 1950ಕ್ಕಿಂತ ಹಿಂದಿನ ಫೋಟೋ, ಗಣರಾಜ್ಯ ಆದ್ಮೇಲೆ ಕಿರೀಟ ತೆಗೆದ್ರು. ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ ಮಿಲಿಟರಿ ನರ್ಸ್ ಅಂದ್ರೆ ಆಫೀಸರ್ ಅನ್ನೋದೇ ನಮ್ಮ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮಿಲಿಟರಿ ನರ್ಸಿಂಗ್ ಸೇವೆ ಬಗ್ಗೆ 1943ರ ಸುಗ್ರೀವಾಜ್ಞೆ ಬಂದಾಗಿಂದ ಅವ್ರು ಕಮಿಶನ್ಡ್ ಆಫೀಸರ್‌ಗಳು. ಭಾರತೀಯ ಸೈನ್ಯದಲ್ಲಿ ಮೇಜರ್ ಜನರಲ್ ಆದ ಮೊದಲ ಹೆಣ್ಣುಮಗಳು ಗರ್ಟ್ರೂಡ್ ಆಲಿಸ್ ರಾಮ್, 1976ರಲ್ಲಿ, ಅವ್ರೂ ನರ್ಸೇ. ನೀವು ಬರೆಯುವಾಗ "ಸೈನ್ಯದಲ್ಲಿ ನರ್ಸ್ ಕೆಲಸಕ್ಕಿದ್ರು" ಅಂತ ಬರೀಬೇಡಿ, ಯಾವ ವರ್ಷ ಯಾವ ರ‍್ಯಾಂಕ್ ಅಂತ ಬರೀರಿ, ಅದು ಅವ್ರು ದುಡಿದು ತಗೊಂಡಿದ್ದು.

ಕಾಗದ ಪದಕ ಆದ್ಮೇಲೆ ಜನರ ಹತ್ರ ಮಾತಾಡ್ಬೇಕು, ಈ ಕ್ರಮ ಉಲ್ಟಾ ಮಾಡ್ಬೇಡಿ. ಕೈಲಿ ಏನೂ ಇಲ್ದೆ ಹೋಗಿ "ಯುದ್ಧದ ಅನುಭವ ಹೇಳಿ" ಅಂದ್ರೆ ಯಾರೂ ಹೇಳಲ್ಲ, "ಏನಿದೆ ಹೇಳೋಕೆ, ಡ್ಯೂಟಿ ಮಾಡಿದ್ವಿ" ಅಂತಾರೆ. ಒಂದು ಫೋಟೋ ಕೈಗೆ ಕೊಟ್ಟು ಸಣ್ಣ ಸಣ್ಣ ಪ್ರಶ್ನೆ ಕೇಳಿ. ನೈಟ್ ಡ್ಯೂಟಿ ಎಷ್ಟೊತ್ತಿಗೆ ಶುರು, ಒಂದು ವಾರ್ಡಿಗೆ ಎಷ್ಟು ಜನ ಸಿಸ್ಟರ್, ಸಿರಿಂಜ್ ಯಾರು ಕುದಿಸ್ತಿದ್ರು, ಗಾಜಿನ ಸಿರಿಂಜ್ ಒಡೆದ್ರೆ ಏನಾಗ್ತಿತ್ತು, ಗಾಯಕ್ಕೆ ಕಟ್ಟೋ ಗಾಜ್ ಬಟ್ಟೆ ಯಾವಾಗ ಕತ್ತರಿಸಿ ಡ್ರಮ್ಮಿಗೆ ತುಂಬ್ತಿದ್ರಿ, ಬ್ಲ್ಯಾಕ್‌ಔಟ್ ಇದ್ದಾಗ ಡ್ರೆಸಿಂಗ್ ಹೇಗೆ ಮಾಡ್ತಿದ್ರಿ. ಗಾಯಾಳುಗಳು ಒಟ್ಟಿಗೆ ಬಂದಾಗ ಅವ್ರನ್ನ ಪ್ರಯಾರಿಟಿ ಒಂದು ಎರಡು ಮೂರು ಅಂತ ಬೇರೆ ಮಾಡೋದು ಸೈನ್ಯದ ಪದ್ಧತಿ, ತಕ್ಷಣ ರಕ್ತ ಕೊಟ್ಟು ಜೀವ ಹಿಡಿಯಬೇಕಾದೋರು ಮೊದಲು, ಬೇಗ ಆಪರೇಶನ್ ಆಗ್ಬೇಕಾದೋರು ಆಮೇಲೆ, ಕಾಯಬಹುದಾದೋರು ಕೊನೆಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನೋವು ತಡೆಯೋ ಮಾರ್ಫಿಯಾ ಕೊಟ್ಟಿದ್ರೆ ಗಾಯಾಳುವಿನ ಹಣೆ ಮೇಲೆ ಇಂಗ್ಲಿಷ್ ಎಂ ಅಕ್ಷರ ಬರೀತಿದ್ರು, ಮುಂದಿನ ಆಸ್ಪತ್ರೆಯೋರು ಗೊತ್ತಿಲ್ದೆ ಮತ್ತೆ ಕೊಡಬಾರದು ಅಂತ. ಇಂಥದ್ದೊಂದು ನಿಮಗೆ ಗೊತ್ತಿದ್ದು ಕೇಳಿದ್ರೆ ಅವ್ರಿಗೂ ಧೈರ್ಯ ಬರುತ್ತೆ, ಇವ್ನಿಗೆ ಅರ್ಥ ಆಗುತ್ತೆ ಅಂತ ಮುಂದೆ ಮಾತಾಡ್ತಾರೆ.

ಸತ್ತೋರ ಬಗ್ಗೆ ನೀವಾಗೇ ಕೇಳಬೇಡಿ. ಅವ್ರಾಗೇ ಅಲ್ಲಿಗೆ ಬಂದ್ರೆ ನೀವು ಸುಮ್ಮನೆ ಕೂತು ಕೇಳಿ, ನೋಟ್‌ಬುಕ್ ಮುಚ್ಚಿಡಿ. ರೆಕಾರ್ಡ್ ಮಾಡೋದಾದ್ರೆ ಮೊದಲೇ ಕೇಳಿ ಒಪ್ಪಿಗೆ ತಗೊಂಡಿರ್ಬೇಕು, ಬೇಡ ಅಂದ್ರೆ ಬೇಡ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು, ವಯಸ್ಸಾದೋರು.

ಆ ವ್ಯಕ್ತಿನೇ ಇಲ್ಲ ಅಂದ್ರೆ, ನಮ್ಮನೆ ಥರ, ಅವ್ರ ಅಭ್ಯಾಸಗಳನ್ನ ಬರೆದಿಡಿ. ಇದು ಯಾರಿಗೂ ಹೊಳೆಯಲ್ಲ. ನಮ್ಮ ದೊಡ್ಡಮ್ಮ ರಜಕ್ಕೆ ಬಂದಾಗ ಹಾಸಿಗೆ ಹಾಸೋ ರೀತಿನೇ ಬೇರೆ, ಚಾದರದ ಮೂಲೆನ ಲಕೋಟೆ ಮಡಚಿದ ಹಾಗೆ ಓರೆ ಮಡಚಿ ಒಳಗೆ ತಳ್ಳೋದು, ಮೇಲೆ ಒಂದು ಸುಕ್ಕಿರ್ತಿರ್ಲಿಲ್ಲ, ನಾವು ಮಕ್ಕಳು ಅದರ ಮೇಲೆ ಕೂರೋಕೆ ಹೆದರ್ತಿದ್ವಿ. ಹಳೇ ಪಂಚೆ ಸಿಕ್ಕಿದ್ರೆ ಒಂದೇ ಅಳತೆಗೆ ಚೌಕ ಚೌಕ ಕತ್ತರಿಸಿ, ನೂಲು ಬಿಡೋ ಅಂಚು ಒಳಗೆ ಬರೋ ಹಾಗೆ ಮಡಚಿ ಬೀರುಲಿ ಜೋಡಿಸೋರು. ಯಾರಿಗಾದ್ರೂ ವಾಂತಿ ಭೇದಿ ಅಂದ್ರೆ ಔಷಧಿಗಿಂತ ಮೊದಲು ಕುದಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ, ಅದೂ ಚಮಚದ ಮೇಲೆ ಬೆರಳು ಸವರಿ ಸಪಾಟು ಮಾಡಿ ಅಳತೆ. ಆ ನೀರು ಕುಡಿಸುವಾಗ "ಏಕ್ಟು, ಏಕ್ಟು" ಅನ್ನೋರು. ಅದು ಹಿಂದಿ ಅಂತ ನಾವು ಅಂದ್ಕೊಂಡಿದ್ವಿ. ಬೆಂಗಾಲಿಲಿ ಏಕ್ಟು ಅಂದ್ರೆ ಒಂಚೂರು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ನಿರಾಶ್ರಿತರಾಗಿ ಬಂದು ಶಿಬಿರಗಳಲ್ಲಿ ಕಾಲರಾ ಎದ್ದಿತ್ತು, ಪಶ್ಚಿಮ ಬಂಗಾಳದ ಬೊನ್‌ಗಾಂವ್ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವ್ರು ಉಪ್ಪು ಗ್ಲೂಕೋಸ್ ನೀರು ಕುಡಿಸಿಯೇ ಸಾವಿರಾರು ಜನರನ್ನ ಉಳಿಸಿದ್ದು ಅದೇ ವರ್ಷ. ದೊಡ್ಡಮ್ಮ ಆ ಶಿಬಿರದಲ್ಲೇ ಇದ್ರು ಅಂತ ನಾನು ಬರೆದಿಲ್ಲ, ಹಾಗೆ ಬರೆಯೋಕೆ ಆಧಾರ ಇಲ್ಲ, ಆದ್ರೆ ಆ ಮಾತು ಅವ್ರ ಬಾಯಿಗೆ ಬಂದಿದ್ದು ಅಲ್ಲಿಂದ್ಲೇ ಅನ್ನೋದಕ್ಕೆ ಪೂರ್ವಿ ಸ್ಟಾರು, 99 ಎಪಿಓ, ಮಳೆಯ ಸಾಲು, ಈ ಮೂರೂ ಸಾಕ್ಷಿ. ಒಂದು ವಿಷಯಕ್ಕೆ ಕನಿಷ್ಠ ಎರಡು ಕಡೆಯಿಂದ ಆಧಾರ ಸಿಗೋ ತನಕ "ಅಂತೆ" ಅಂತಲೇ ಬರೀರಿ.

ಸರ್ಕಾರಿ ಕಾಗದ ಬೇಕಂದ್ರೆ ಮೊದಲು ಮನೇಲಿ ಪಿಪಿಓ ಹುಡುಕಿ, ಅಂದ್ರೆ ಪೆನ್ಶನ್ ಪೇಮೆಂಟ್ ಆರ್ಡರ್, ಅಲಹಾಬಾದಿಂದ ಬಂದಿರುತ್ತೆ, ಸೇವೆಯ ಅವಧಿ ರ‍್ಯಾಂಕು ಅದರಲ್ಲೇ ಸಿಗುತ್ತೆ, ಅದಿಲ್ಲ ಅಂದ್ರೆ ಪೆನ್ಶನ್ ಬರ್ತಿದ್ದ ಬ್ಯಾಂಕಲ್ಲಿ ಕೇಳಿ. ಶಿವಮೊಗ್ಗದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಆಫೀಸಿದೆ, ಅರ್ಜಿ ಯಾರಿಗೆ ಬರೀಬೇಕು ಅಂತ ಅಲ್ಲಿ ವಿಚಾರಿಸಿ. ಸೇನಾ ಪ್ರಧಾನ ಕಚೇರಿಗೆ ಆರ್‌ಟಿಐ ಹಾಕೋದಾದ್ರೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, ಆದ್ರೆ ಅದು ಒಬ್ಬರ ಖಾಸಗಿ ದಾಖಲೆ ಆಗಿರೋದ್ರಿಂದ ನೀವು ಅವ್ರ ಹತ್ತಿರದ ಸಂಬಂಧಿ ಅನ್ನೋದಕ್ಕೆ ವಂಶವೃಕ್ಷ, ಮರಣ ಪ್ರಮಾಣಪತ್ರ ಜೊತೆಗೆ ಇಡಿ. ನಾನೊಂದು ಕಚೇರಿಗೆ ಬರೀ ಹೆಸರು ಬರೆದು ಹಾಕಿದ ಅರ್ಜಿ ಎಂಟು ತಿಂಗಳು ಬಿಟ್ಟು ವಾಪಸ್ ಬಂತು, ನಂಬರ್ ಬರೆದಿರ್ಲಿಲ್ಲ ಅಂತ, ಅದಕ್ಕೇ ಟ್ರಂಕಿನ ನಂಬರ್ ಮೊದಲ ಪುಟದಲ್ಲಿ ಅಂದಿದ್ದು.

ನಿಮ್ಮೋರು ಇನ್ನೂ ಹಿಂದಿನೋರು, ಎರಡನೇ ಮಹಾಯುದ್ಧದ ಕಾಲದೋರು ಆಗಿದ್ರೆ ದಾರಿ ಸ್ವಲ್ಪ ಬೇರೆ. ಆಗ ಇದ್ದಿದ್ದು 1926ರಲ್ಲಿ ಶುರುವಾದ ಇಂಡಿಯನ್ ಮಿಲಿಟರಿ ನರ್ಸಿಂಗ್ ಸರ್ವಿಸ್, ಅದರ ಜೊತೆಗೆ ಯುದ್ಧಕ್ಕೋಸ್ಕರ ಕಡಿಮೆ ಅವಧಿ ತರಬೇತಿ ಕೊಟ್ಟು ತಗೊಂಡ ಆಕ್ಸಿಲಿಯರಿ ನರ್ಸಿಂಗ್ ಸರ್ವಿಸ್, ಎರಡೂ ಬೇರೆ ಬೇರೆ, ಬ್ಯಾಡ್ಜ್ ಮತ್ತು ಕಾಗದ ನೋಡಿ ಯಾವುದು ಅಂತ ಖಚಿತ ಮಾಡ್ಕೊಳಿ. ಕಾಗದದಲ್ಲಿ ಐಜಿಎಚ್ ಅಂತಿದ್ರೆ ಇಂಡಿಯನ್ ಜನರಲ್ ಹಾಸ್ಪಿಟಲ್, ಸಿಸಿಎಸ್ ಅಂತಿದ್ರೆ ಕ್ಯಾಶುಯಲ್ಟಿ ಕ್ಲಿಯರಿಂಗ್ ಸ್ಟೇಶನ್, ಅಂದ್ರೆ ಯುದ್ಧರಂಗಕ್ಕೆ ಇನ್ನೂ ಹತ್ತಿರ. ಬರ್ಮಾ ಸ್ಟಾರ್ ಇದ್ರೆ ಹಿಂದೆ ತಿರುಗಿಸಿ ನೋಡಿ, ಭಾರತೀಯರಿಗೆ ಕೊಟ್ಟ ಆ ಸ್ಟಾರ್‌ಗಳ ಮೇಲೆ ಹೆಸರು ಕೊರೆದಿರ್ತಿತ್ತು, ಬ್ರಿಟನ್ನಿನೋರಿಗೆ ಕೊಟ್ಟಿದ್ರ ಮೇಲೆ ಇರ್ತಿರ್ಲಿಲ್ಲ. ಕಮಿಶನ್ ಆದ ದಿನಾಂಕ ಗೆಜೆಟ್ ಆಫ್ ಇಂಡಿಯಾದ ಹಳೇ ಸಂಚಿಕೆಗಳಲ್ಲಿ ಹುಡುಕಬಹುದು, ರಾಯಲ್ ರೆಡ್ ಕ್ರಾಸ್ ಥರದ ಗೌರವ ಸಿಕ್ಕಿದ್ರೆ ಲಂಡನ್ ಗೆಜೆಟ್‌ನಲ್ಲಿ ಇರುತ್ತೆ, ಆನ್‌ಲೈನಲ್ಲಿ ದುಡ್ಡು ಕೊಡದೆ ನೋಡಬಹುದು. ಸೇವೇಲಿದ್ದಾಗಲೇ ತೀರ್ಕೊಂಡಿದ್ರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಶನ್ ಪಟ್ಟಿಲಿ ಹೆಸರು ಹಾಕಿ ನೋಡಿ, ಕಾಗುಣಿತ ನಾಲ್ಕೈದು ಥರ ಬದಲಾಯಿಸಿ ನೋಡಿ, ನಮ್ಮ ಹೆಸರುಗಳನ್ನ ಇಂಗ್ಲಿಷಿನೋರು ಹೇಗೇಗೋ ಬರೆದಿರ್ತಾರೆ.

ಬರ್ಮಾ ಕಡೆ ಇದ್ದೋರ ಬಗ್ಗೆ ಮನೇಲಿ "ಅಜ್ಜಿ ವಾಪಸ್ ಬಂದಾಗ ಮೈಯೆಲ್ಲಾ ಅರಿಶಿನದ ಹಾಗೆ ಹಳದಿ ಆಗಿತ್ತಂತೆ, ಕಾಮಾಲೆ ಇರ್ಬೇಕು" ಅಂತ ಮಾತಿದ್ರೆ ಬಿಡಬೇಡಿ, ಅದು ದೊಡ್ಡ ಸುಳಿವು. ಮಲೇರಿಯಾ ಬರದ ಹಾಗೆ ದಿನಾ ನುಂಗಬೇಕಾಗಿದ್ದ ಮೆಪಾಕ್ರಿನ್ ಮಾತ್ರೆಯಿಂದ ಚರ್ಮ ಹಳದಿ ತಿರುಗ್ತಿತ್ತು. 1943ರಲ್ಲಿ ಆ ರಂಗದಲ್ಲಿ ಗಾಯ ಆಗಿ ಹಿಂದಕ್ಕೆ ಬರೋ ಒಬ್ಬ ಸೈನಿಕನಿಗೆ ಕಾಯಿಲೆ ಬಿದ್ದು ಬರೋರು 120 ಜನ ಇದ್ರು ಅಂತ ಅಲ್ಲಿನ ಬ್ರಿಟಿಷ್ ಸೇನಾಪತಿ ಸ್ಲಿಮ್ ಅವ್ರೇ ದಾಖಲಿಸಿದ್ದಾರೆ. ಅಂದ್ರೆ ಅಲ್ಲಿದ್ದ ನರ್ಸ್‌ಗಳ ದಿನದ ಕೆಲಸ ಬಹುಪಾಲು ಗುಂಡೇಟಿನದ್ದಲ್ಲ, ಚಳಿಜ್ವರದ್ದು, ಆಮಶಂಕೆದು. ಮಲೆನಾಡು ಮಲೇರಿಯಾದಿಂದ ಊರಿಗೂರೇ ಖಾಲಿ ಆಗಿದ್ದನ್ನ ಕೇಳ್ಕೊಂಡು ಬೆಳೆದ ನಮಗೆ ಅದು ಎಂಥ ಕೆಲಸ ಅಂತ ಬಿಡಿಸಿ ಹೇಳ್ಬೇಕಾ? ಒದ್ದೆ ಚಾದರ ಬದಲಾಯಿಸೋದು, ನಡುಗೋರನ್ನ ಹಿಡಿದು ನೀರು ಕುಡಿಸೋದು, ಗಂಟೆಗಂಟೆಗೆ ಜ್ವರ ಬರೆಯೋದು. ಗುಂಡು ಬಾಂಬು ಇಲ್ಲ ಅಂತ ಇದನ್ನ ಬರವಣಿಗೇಲಿ ಸಣ್ಣದು ಮಾಡ್ಬೇಡಿ.

ಇನ್ನೊಂದು ವಿಷಯ, ಮದುವೆ. ದಾಖಲೇಲಿ ಸೇವೆ ನಡುವೆ ತಟಕ್ಕನೆ ನಿಂತು ಹೋಗಿದ್ರೆ ಅದೇ ವರ್ಷ ಮದುವೆ ಆಯ್ತಾ ಅಂತ ನೋಡಿ. ಮದುವೆ ಆದ್ರೆ ಮಿಲಿಟರಿ ನರ್ಸನ್ನ ಸೇವೆಯಿಂದ ತೆಗೀಬಹುದು ಅಂತ 1977ರ ಸೇನಾ ಆದೇಶದಲ್ಲೇ ಇತ್ತು, ಅದನ್ನ ವಾಪಸ್ ತಗೊಂಡಿದ್ದು 1995ರಲ್ಲಿ. ಮದುವೆ ಆಗಿದ್ದಕ್ಕೆ 1988ರಲ್ಲಿ ಕೆಲಸ ಕಳ್ಕೊಂಡ ಒಬ್ಬ ಅಧಿಕಾರಿಗೆ 60 ಲಕ್ಷ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟ್ 2024ರ ಫೆಬ್ರವರಿಲಿ ಹೇಳ್ತು, ಅಷ್ಟು ವರ್ಷ ಹೋರಾಡಿದ್ರು ಅವ್ರು. ನಮ್ಮ ದೊಡ್ಡಮ್ಮ ಮದುವೆನೇ ಆಗ್ಲಿಲ್ಲ. ಊರಲ್ಲಿ ಅದಕ್ಕೆ ಏನೇನೋ ಕಾರಣ ಕಟ್ಟಿದ್ರು, ನರ್ಸ್ ಅಂತ ಯಾರೂ ಒಪ್ಪಲಿಲ್ಲ ಅಂದ್ರು, ಮಿಲಿಟ್ರಿಲಿ ಯಾರೋ ಇದ್ದ ಅಂದ್ರು, ಅಂಥ ಮಾತನ್ನ ಬರೆದಿಡೋದು ಬೇಡ ಅಂತ ನಾನು ತೀರ್ಮಾನ ಮಾಡ್ದೆ. ಅಮ್ಮ ಒಂದೇ ಮಾತು ಹೇಳಿದ್ದು, "ಅಕ್ಕಂಗೆ ಗಂಡು ನೋಡಿದ್ರು, ಕೆಲಸ ಬಿಡಬೇಕು ಅಂದ್ರು, ಅವ್ಳು ಬೇಡ ಅಂದ್ಲು". ಅದನ್ನ ಅಮ್ಮನ ಮಾತಲ್ಲೇ ಹಾಕಿದೀನಿ.

ಬರೆಯೋಕೆ ಕೂತಾಗ ಹುಟ್ಟಿದ ದಿನದಿಂದ ಶುರು ಮಾಡ್ಬೇಡಿ, ನೀವು ಪೂರ್ತಿ ಖಚಿತ ಇರೋ ಒಂದು ದಿನದಿಂದ ಶುರು ಮಾಡಿ ಹಿಂದೆ ಮುಂದೆ ಹೋಗಿ. ಎಡಗಡೆ ಪುಟದಲ್ಲಿ ವರ್ಷ, ಜಾಗ, ರ‍್ಯಾಂಕು, ಆಧಾರ, ಬಲಗಡೆ ಪುಟದಲ್ಲಿ ಜನ ಹೇಳಿದ ಮಾತು, ಅವ್ರು ಹೇಳಿದ ಹಾಗೇ, ಅಮ್ಮ "ಆಸ್ಪತ್ರಿ" ಅಂದಿದ್ರೆ ಅದನ್ನ ತಿದ್ದೋಕೆ ಹೋಗ್ಬೇಡಿ. ಗೊತ್ತಿಲ್ಲದ ವರ್ಷಕ್ಕೆ ಖಾಲಿ ಜಾಗ ಬಿಡಿ, ನಮ್ಮ ನೋಟ್‌ಬುಕ್ಕಲ್ಲಿ 1967 ಮತ್ತೆ 68 ಇನ್ನೂ ಖಾಲಿ. ಮುಗಿದ ಮೇಲೆ ಮೂರು ಪ್ರತಿ ಮಾಡಿಸಿ, ಒಂದು ಮನೇಲಿ, ಒಂದು ಬೇರೆ ಊರಲ್ಲಿರೋ ನೆಂಟರ ಹತ್ರ, ಒಂದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ತಗೊಳುತ್ತಾ ಅಂತ ಕೇಳಿ ನೋಡಿ.

ಫೋಟೋಗಳ ಹಿಂದೆ ಹೆಸರು ಬರೆಯೋದಾದ್ರೆ ಮೆತ್ತನೆ ಪೆನ್ಸಿಲ್, ಅಂಚಲ್ಲಿ, ಒತ್ತದೆ. ಇನ್ನೊಂದು ಗ್ರೂಪ್ ಫೋಟೋ ಉಳಿದಿತ್ತು ನಮ್ಮಲ್ಲಿ, ಹದಿನಾಲ್ಕು ಜನ ಬಿಳಿ ಡ್ರೆಸ್ ಹಾಕ್ಕೊಂಡು ಟೆಂಟ್ ಮುಂದೆ ನಿಂತಿರೋದು. ಅಮ್ಮಂಗೆ ಈಗ ಕಣ್ಣು ಅಷ್ಟು ಕಾಣಲ್ಲ, ಭೂತಗನ್ನಡಿ ಹಿಡಿದು ಎಡದಿಂದ ಒಬ್ಬೊಬ್ಬರನ್ನೇ ನೋಡ್ತಾ ಬಂದು ಐದನೇ ಅವ್ರ ಹತ್ರ ನಿಂತ್ರು, "ಇವ್ಳು ಕೊಡಗಿನೋಳು, ಒಂದ್ಸಲ ನಮ್ಮನೆಗೆ ಬಂದು ಹದಿನೈದು ದಿನ ಇದ್ಲು, ಕೆಸುವಿನ ಪತ್ರೊಡೆ ಅಂದ್ರೆ ಪ್ರಾಣ" ಅಂದ್ರು. ಹೆಸರು ನೆನಪಾಗ್ಲಿಲ್ಲ. ಎಡದಿಂದ ಐದು, ಕೊಡಗು, ಪತ್ರೊಡೆ ಅಂತ ಬರೆದಿಟ್ಟಿದೀನಿ.